ತೋಳಕ್ಕೆ ಯಾವ ಬಂದೂಕು?

ಪ್ರಶ್ನೆ: ಮಸ್ಕಿ ಹತ್ತಿರ ನಮ್ಮ ಕುರಿಮಂದೆಗೆ ತೋಳದ ಕಾಟ. ಕಡಿಮೆ ಬೆಲೆಯ ಬೋಲ್ಟ್ ಆ್ಯಕ್ಷನ್ ರೈಫಲ್ ಯಾವುದಿದೆ?

ಉತ್ತರ: ಇಷಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಹೆಸರಾದದ್ದು. ಆದರೆ ಲೈಸೆನ್ಸ್ ಸಿಕ್ಕರೂ ಅದರಿಂದ ತೋಳ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ತೋಳ, ಚಿರತೆ ಎರಡೂ ಇವೆ. ಕೊಂದರೆ ಕನಿಷ್ಠ 3 ವರ್ಷ ಜೈಲು. ರೈಫಲ್‌ಗೆ ಇಟ್ಟ ದುಡ್ಡನ್ನು ಬಲೆಗೆ, ನಾಯಿಗೆ ಹಾಕಿ. ಸಿಂಧನೂರು, ಲಿಂಗಸುಗೂರು ಸೀಮೆಯ ಹೊಲಗಳಲ್ಲಿ ಮಂದೆ ತರುಬುವಾಗ ಸುತ್ತ ಬಲೆ ಬಿಗಿದು, ಮರಿಗಳನ್ನು ನಡುವೆ ಕೂಡಿ. ನಾಯಿಯ ಕೊರಳಿಗೆ ಮೊಳೆ ಹೊಡೆದ ಪಟ್ಟಿ ಇರಲೇಬೇಕು; ತೋಳ ಬಾಯಿ ಹಾಕುವುದು ಅಲ್ಲಿಗೇ. ಕುರಿ ಸತ್ತರೆ ಹೆಣ ಎತ್ತಬೇಡಿ, ಫೋಟೊ ತೆಗೆದು ತಕ್ಷಣ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಪಶುವೈದ್ಯರ ವರದಿ ಸೇರಿಸಿ ಅರ್ಜಿ ಕೊಟ್ಟರೆ ಇಲಾಖೆಯಿಂದ ಪರಿಹಾರ ಉಂಟು.