ಓಡದೆ ಹಳತಾದ ಪೋರ್ಶೆ

ಹಳೆಯ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಓಡಿದೆ? ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುತಿಯಾದರೂ ಸರಿ, ಕ್ಯಾಲಿಫೋರ್ನಿಯಾದ ಪೋರ್ಶೆಯಾದರೂ ಸರಿ, ಮೀಟರಿನ ಅಂಕಿ ಸಣ್ಣದಾದಷ್ಟೂ ಬೆಲೆ ದೊಡ್ಡದು. ದಿನವೂ ಆಫೀಸಿಗೆ ಹೋಗಿಬರುವ ಸಾಮಾನ್ಯ ಕಾರಿನ ಮಟ್ಟಿಗೆ ಈ ಲೆಕ್ಕದಲ್ಲಿ ದೊಡ್ಡ ತಪ್ಪಿಲ್ಲ. ಇಪ್ಪತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಮಾತ್ರ ಅದು ಕೈಕೊಡುತ್ತದೆ. ಇಂಥ ಕಾರುಗಳು ಸಾಮಾನ್ಯವಾಗಿ ಮನೆಯ ಎರಡನೆಯ ಅಥವಾ ಮೂರನೆಯ ವಾಹನ. ಹವೆ ಚೆನ್ನಾಗಿರುವ ಭಾನುವಾರ ಹೊರಗೆ ಬಂದು, ಉಳಿದ ದಿನಗಳಲ್ಲಿ ಮುಸುಕು ಹಾಕಿಕೊಂಡು ಶೆಡ್ಡಿನಲ್ಲಿ ನಿಂತಿರುತ್ತವೆ. ವರ್ಷಕ್ಕೆ ಸಾವಿರ ಮೈಲಿಯೂ ಓಡದ ಇಂಥ ಕಾರನ್ನು ಮಾರುಕಟ್ಟೆ 'ಹೊಸದರ ಹಾಗೇ ಇದೆ' ಎಂದು ಹೊಗಳಿ ಬೆಲೆ ಏರಿಸುತ್ತದೆ. ನಾನು ಹೇಳಹೊರಟಿರುವುದು ಇದಕ್ಕೆ ವಿರುದ್ಧವಾದ ಮಾತು: ಸಂಶಯದಿಂದ ನೋಡಬೇಕಾದದ್ದು ಈ ನಿಂತ ಕಾರನ್ನೇ. ಬಿಡದೆ ಓಡಿಕೊಂಡು ಬಂದು, ರಿಪೇರಿ ಬಿಲ್ಲುಗಳ ದಪ್ಪ ಫೈಲಿನ ಸಮೇತ ಮಾರಾಟಕ್ಕೆ ನಿಂತ ಲಕ್ಷ ಮೈಲಿಯ ಕಾರು ಅದಕ್ಕಿಂತ ಎಷ್ಟೋ ವಾಸಿ.

ಇದನ್ನು ಪರೀಕ್ಷಿಸಿ ನೋಡಲು ಪೋರ್ಶೆ ಬಾಕ್ಸ್‌ಸ್ಟರಿನ ಮೊದಲ ತಲೆಮಾರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1990ರ ದಶಕದ ಆರಂಭದಲ್ಲಿ ಪೋರ್ಶೆ ಕಂಪನಿಯ ಸ್ಥಿತಿ ಹದಗೆಟ್ಟಿತ್ತು. 1993ರಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಮಾದರಿಯಾಗಿ ಕಾಣಿಸಿಕೊಂಡು 1996ರಲ್ಲಿ ಮಾರುಕಟ್ಟೆಗೆ ಬಂದ ಬಾಕ್ಸ್‌ಸ್ಟರ್, ಅದರ ಬೆನ್ನಿಗೇ ಬಂದ 996, ಅಂದರೆ ಕಂಪನಿಯ 911 ಕಾರಿನ ಹೊಸ ತಲೆಮಾರು, ಇವೆರಡೂ ಸೇರಿ ಕಂಪನಿಯನ್ನು ದಡ ಸೇರಿಸಿದವು. ಖರ್ಚು ಉಳಿಸಲೆಂದು ಎರಡಕ್ಕೂ ಮುಂಭಾಗ ಬಹುಮಟ್ಟಿಗೆ ಒಂದೇ, ಎಂಜಿನ್ ಕುಟುಂಬವೂ ಒಂದೇ. 1963ರಿಂದ ಗಾಳಿಯಲ್ಲೇ ತಣಿಯುತ್ತಿದ್ದ 911ರ ಎಂಜಿನ್ ಈಗ ನೀರಿಗೆ ಬದಲಾಯಿತು. ಆ ಕಾರುಗಳಿಗೆ ಈಗ ಇಪ್ಪತ್ತು ದಾಟಿದೆ. ಅಮೆರಿಕದಲ್ಲಿ ಹೊಸದಾಗಿ ಸುಮಾರು 40,000 ಡಾಲರಿಗೆ ಬಂದ ಬಾಕ್ಸ್‌ಸ್ಟರ್, ಅದರ ಮೂರನೆಯ ಒಂದು ಭಾಗಕ್ಕೋ ಇನ್ನೂ ಕಡಿಮೆಗೋ ಕೈಗೆ ಬರುವುದುಂಟು. ಭಾರತಕ್ಕೆ ಇದನ್ನು ತರುವ ದಾರಿ ಇಲ್ಲ. ತಯಾರಾಗಿ ಮೂರು ವರ್ಷ ದಾಟಿದ ಬಳಸಿದ ಕಾರಿನ ಆಮದಿಗೆ ನಮ್ಮ ನಿಯಮ ಬಾಗಿಲು ಮುಚ್ಚಿದೆ. ಹಾಗಾಗಿ ಇದು ಮುಖ್ಯವಾಗಿ ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಸ್ಟುಟ್‌ಗಾರ್ಟಿನಲ್ಲೋ ಕೆಲಸಕ್ಕಿರುವ ಕನ್ನಡಿಗರು ಎದುರಿಸಬಹುದಾದ ಆಸೆ. ಲೆಕ್ಕಾಚಾರ ಮಾತ್ರ ಎಲ್ಲ ಹಳೆಯ ಕಾರುಗಳಿಗೂ ಸಲ್ಲುತ್ತದೆ.

ಈ ಎಂಜಿನ್ನಿನ ಹೆಸರು ಕೆಡಿಸಿದ್ದು ಒಂದು ಪುಟ್ಟ ಬೇರಿಂಗ್. ಕ್ರ್ಯಾಂಕ್‌ಶಾಫ್ಟಿನ ತಿರುಗಾಟವನ್ನು ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟುಗಳಿಗೆ ಮುಟ್ಟಿಸಲು ನಡುವೆ ಇನ್ನೊಂದು ಶಾಫ್ಟ್ ಇದೆ. ಅದನ್ನು ಇಂಟರ್‌ಮೀಡಿಯೆಟ್ ಶಾಫ್ಟ್ ಎನ್ನುತ್ತಾರೆ. ಅದರ ಒಂದು ತುದಿ, ಕ್ಲಚ್ಚಿನ ಕಡೆಯದು, ಕೂತಿರುವುದು ಗುಂಡುಗಳ ಬೇರಿಂಗ್ ಒಂದರ ಮೇಲೆ. ಆ ಬೇರಿಂಗಿಗೆ ಎಂಜಿನ್ ಆಯಿಲ್ ನೇರವಾಗಿ ಹರಿಯುವುದಿಲ್ಲ. ಒಳಗೆ ಗ್ರೀಸ್ ತುಂಬಿ ಎರಡೂ ಬದಿ ಸೀಲ್ ಮಾಡಿದ್ದಾರೆ. ವರ್ಷಗಳು ಕಳೆದಂತೆ ಸೀಲು ಗಟ್ಟಿಯಾಗಿ ಬಿರಿಯುತ್ತದೆ. ಆಯಿಲ್ ಒಳನುಸುಳಿ ಗ್ರೀಸನ್ನು ತೊಳೆದುಹಾಕುತ್ತದೆ. ಹಾಗೆಂದು ಹೊಸ ಆಯಿಲ್ ಧಾರಾಳವಾಗಿ ಹರಿದಾಡುವಷ್ಟು ಜಾಗವೂ ಅಲ್ಲಿಲ್ಲ. ಒಳಹೊಕ್ಕ ಹಳೆಯ, ಕೊಳೆ ಆಯಿಲ್ ಅಲ್ಲೇ ನಿಂತುಬಿಡುತ್ತದೆ. ಬೇರಿಂಗ್ ಪುಡಿಯಾದರೆ ಶಾಫ್ಟ್ ಅಲುಗಾಡಿ, ಚೈನಿನ ಹೊಂದಾಣಿಕೆ ತಪ್ಪಿ, ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಆಮೇಲೆ ಉಳಿಯುವುದು ಗುಜರಿಗೆ ಹಾಕುವ ಎಂಜಿನ್. ಬದಲಿ ಎಂಜಿನ್ನಿನ ವೆಚ್ಚ ಎಷ್ಟೋ ಸಲ ಕಾರಿನ ಬೆಲೆಯನ್ನೇ ದಾಟುತ್ತದೆ.

ಎಷ್ಟು ಕಾರುಗಳಲ್ಲಿ ಹೀಗಾಯಿತು? ಆರಂಭದ ವರ್ಷಗಳ ಎಂಜಿನ್ನುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. 2000ದ ಆಸುಪಾಸಿನಲ್ಲಿ ಕಂಪನಿ ಅದನ್ನು ಒಂದೇ ಸಾಲಿನದಕ್ಕೆ ಇಳಿಸಿತು. ಅಮೆರಿಕದ ಮಾಲೀಕರು ಸಾಮೂಹಿಕ ಮೊಕದ್ದಮೆ ಹೂಡಿದರು. 2001ರಿಂದ 2005ರ ನಡುವಿನ ಕಾರುಗಳಿಗೆ ಸಂಬಂಧಿಸಿ 2013ರಲ್ಲಿ ರಾಜಿ ಆಯಿತು. ಆ ಪ್ರಕರಣದಿಂದ ಹೊರಬಂದವೆಂದು ಈ ಕಾರುಗಳ ಮೆಕ್ಯಾನಿಕ್‌ಗಳು ಇಂದಿಗೂ ಉಲ್ಲೇಖಿಸುವ ಅಂಕಿಗಳೆಂದರೆ, ಒಂದು ಸಾಲಿನ ಬೇರಿಂಗಿನಲ್ಲಿ ಸುಮಾರು ಶೇ 8, ಎರಡು ಸಾಲಿನದರಲ್ಲಿ ಶೇ 1ಕ್ಕಿಂತ ಕಡಿಮೆ. ನೂರರಲ್ಲಿ ತೊಂಬತ್ತೆರಡು ಕಾರುಗಳಿಗೆ ಏನೂ ಆಗಲಿಲ್ಲ ಎಂದೂ ಇದನ್ನು ಓದಬಹುದು. ಹೆದರಿಕೆ ಅತಿಯಾಯಿತು ಎನ್ನುವವರು ಹಾಗೇ ಓದುತ್ತಾರೆ. ಆದರೆ ಕೊಳ್ಳುವವನ ಮುಂದಿರುವುದು ನೂರು ಕಾರಲ್ಲ, ಒಂದು. ಆ ಒಂದು ಕಾರು ಎಂಟರ ಗುಂಪಿನದೋ ತೊಂಬತ್ತೆರಡರ ಗುಂಪಿನದೋ ಎಂದು ಅಂದಾಜು ಮಾಡಲು ಸರಾಸರಿಯಿಂದ ಉಪಯೋಗವಿಲ್ಲ. ಉಪಯೋಗಕ್ಕೆ ಬರುವುದು ಅದು ಬದುಕಿದ ರೀತಿ. ಈ ಎಂಜಿನ್ನುಗಳನ್ನೇ ಬಿಚ್ಚಿ ಕೂಡಿಸುವ ವರ್ಕ್‌ಶಾಪುಗಳ ಅನುಭವ ಬಹುಮಟ್ಟಿಗೆ ಒಂದೇ ಕಡೆ ಬೆರಳು ಮಾಡುತ್ತದೆ: ಅಪರೂಪಕ್ಕೆ ಹೊರಬರುವ, ಸಣ್ಣ ಸುತ್ತು ಹಾಕಿ ಮತ್ತೆ ನಿಲ್ಲುವ, ಆಯಿಲ್ ಬದಲಾವಣೆಯನ್ನು ಮುಂದೂಡಿದ ಕಾರುಗಳಲ್ಲೇ ಬೇರಿಂಗ್ ಹೆಚ್ಚು ಕೆಡುತ್ತದೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಲಕ್ಷ ಮೈಲಿ ಓಡಿದ ಕಾರು ಇಂದು ನಮ್ಮ ಕಣ್ಣಿಗೆ ಬೀಳುತ್ತಿರುವುದೇ ಅದು ಕೆಡದೆ ಉಳಿದದ್ದರಿಂದ. ಕೆಟ್ಟವು ಎಂದೋ ಗುಜರಿ ಸೇರಿವೆ. ಹಾಗಿದ್ದಾಗ ಓಟ ಕಾರನ್ನು ಕಾಪಾಡಿತು ಎನ್ನುವುದು ಉಳಿದವರನ್ನಷ್ಟೇ ಎಣಿಸಿ ತೆಗೆದ ತೀರ್ಮಾನವಲ್ಲವೇ? ಕಾರಣದ ಮಟ್ಟಿಗೆ ಈ ಪ್ರಶ್ನೆ ನ್ಯಾಯವಾದದ್ದೇ. ವರ್ಕ್‌ಶಾಪಿನ ಅನುಭವ ಪ್ರಯೋಗಾಲಯದ ಪುರಾವೆಯಾಗಲಾರದು. ಆದರೆ ಕೊಳ್ಳುವವನಿಗೆ ಕಾರಣದ ಗೊಡವೆ ಅಷ್ಟಾಗಿ ಬೇಡ. ಓಟವೇ ಬೇರಿಂಗನ್ನು ಉಳಿಸಿತೋ, ಬೇರಿಂಗ್ ಹುಟ್ಟಿನಿಂದಲೇ ಗಟ್ಟಿಯಾಗಿದ್ದುದರಿಂದ ಅಷ್ಟು ಓಡಿತೋ, ಎರಡರಲ್ಲಿ ಯಾವುದಾದರೂ ಆ ಕಾರು ಪರೀಕ್ಷೆ ಪಾಸಾಗಿಯೇ ಬಂದಿದೆ. ಹದಿನೈದು ಸಾವಿರ ಮೈಲಿಯ ಕಾರು ಇನ್ನೂ ಪರೀಕ್ಷೆಗೇ ಕೂತಿಲ್ಲ. ಅದರ ಬೇರಿಂಗಿನ ಸೀಲಿಗೆ ಮಾತ್ರ ಇನ್ನೊಂದು ಕಾರಿನದಷ್ಟೇ ವಯಸ್ಸಾಗಿದೆ.

ವಯಸ್ಸು ಮೈಲಿಯ ಮುಖ ನೋಡುವುದಿಲ್ಲ ಎಂಬುದಕ್ಕೆ ಬೇರಿಂಗಿನಾಚೆಗೂ ಸಾಕ್ಷಿಗಳಿವೆ. ಈ ಎಂಜಿನ್ನಿಗೆ ಎಂಟು–ಒಂಬತ್ತು ಲೀಟರ್ ಆಯಿಲ್ ಬೇಕು. ನೀರಿನ ಕಾವು ತೋರಿಸುವ ಮುಳ್ಳು ಬೇಗ ನಡುಮಧ್ಯಕ್ಕೆ ಬಂದರೂ ಅಷ್ಟು ಆಯಿಲ್ ಪೂರಾ ಬಿಸಿಯಾಗಲು ಇನ್ನಷ್ಟು ಹೊತ್ತು ಓಡಿಸಬೇಕು. ಹತ್ತು ನಿಮಿಷದ ಸುತ್ತಾಟದಲ್ಲಿ ಆಯಿಲ್ಲಿಗೆ ಸೇರಿದ ತೇವ, ಪೆಟ್ರೋಲಿನ ಅಂಶ ಆವಿಯಾಗಿ ಹೋಗುವುದಿಲ್ಲ. ಒಳಗೇ ಉಳಿದು ಆಯಿಲ್ಲನ್ನು ಹುಳಿಯಾಗಿಸುತ್ತದೆ. ಕಾರು ಶೆಡ್ಡಿನಲ್ಲಿದ್ದರೂ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಪ್ಲಾಸ್ಟಿಕ್ಕಿನ ಕೂಲಂಟ್ ಟ್ಯಾಂಕು ಸೀಳುಬಿಡುತ್ತದೆ. ಬಟ್ಟೆಯ ಟಾಪಿನ ಮಳೆನೀರು ಇಳಿಯುವ ಕೊಳವೆಗೆ ತರಗೆಲೆ ಕಟ್ಟಿಕೊಂಡರೆ ನೀರು ಬಾಕ್ಸ್‌ಸ್ಟರಿನ ಸೀಟಿನ ಕೆಳಗಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಮುಳುಗಿಸುತ್ತದೆ; ಆಮೇಲೆ ಕಾರು ಸ್ಟಾರ್ಟ್ ಆಗಲು ಒಪ್ಪುವುದಿಲ್ಲ. ಟೈರ್ ನೋಡಿದರಂತೂ ಎಲ್ಲ ಬಯಲಾಗುತ್ತದೆ. 2000ದ ಈಚಿನ ಟೈರುಗಳ ಬದಿಯಲ್ಲಿ ನಾಲ್ಕಂಕಿಯ ತಯಾರಿಕೆಯ ಗುರುತಿದೆ: 2314 ಎಂದಿದ್ದರೆ 2014ರ 23ನೆಯ ವಾರ. ನೆಲ ಹಿಡಿಯುವ ಗೀರುಗಳು ಸವೆಯದೆ ತುಂಬು ಆಳವಿದ್ದು ಟೈರಿಗೆ ಹತ್ತು ವರ್ಷ ದಾಟಿದ್ದರೆ, 'ಕಡಿಮೆ ಓಡಿದೆ' ಎಂಬ ಜಾಹೀರಾತಿಗೆ ಮಾರುವವನು 'ನೋಡಿಕೊಂಡಿಲ್ಲ' ಎಂಬ ಅರ್ಥವನ್ನು ತಾನೇ ಬರೆದಿಟ್ಟ ಹಾಗೆ.

ಕಡಿಮೆ ಓಡಿದರೂ ವರ್ಷವರ್ಷ ಆಯಿಲ್ ಬದಲಿಸಿ, ತಿಂಗಳಿಗೊಮ್ಮೆ ಎಂಜಿನ್ ಚೆನ್ನಾಗಿ ಕಾಯುವಷ್ಟು ದೂರ ಓಡಿಸಿದ ಮಾಲೀಕರಿಲ್ಲವೇ? ಇದ್ದಾರೆ. ಅವರ ಕಾರು ಸಿಕ್ಕರೆ ಹೆಚ್ಚು ಕೊಟ್ಟಾದರೂ ಕೊಳ್ಳಬಹುದು. ಆಗ ಬೆಲೆ ಕೊಡುತ್ತಿರುವುದು ಬಿಲ್ಲುಗಳ ತಾರೀಕಿಗೆ, ಮೀಟರಿಗಲ್ಲ. ಅಮೆರಿಕದಲ್ಲಿ ಕಂಪನಿಯೇ ಈ ಕಾರುಗಳಿಗೆ ಸುಮಾರು 15,000 ಮೈಲಿಗೊಮ್ಮೆ ಆಯಿಲ್ ಬದಲಿಸಿದರೆ ಸಾಕೆಂದು ಹೇಳಿತ್ತು. ವರ್ಷಕ್ಕೆ ಸಾವಿರ ಮೈಲಿ ಓಡಿಸುವವನು ಮೈಲಿಯನ್ನಷ್ಟೇ ನಂಬಿ ಕೂತರೆ ಒಂದೇ ಆಯಿಲ್ಲಿನಲ್ಲಿ ಎಷ್ಟು ವರ್ಷ ಕಳೆಯಬಹುದೆಂದು ಲೆಕ್ಕ ಹಾಕಿ ನೋಡಿ.

ಮೀಟರನ್ನೇ ತಿರುಗಿಸಿದ್ದರೆ? ಇದಕ್ಕೂ ಉತ್ತರ ಕಾರಿನೊಳಗೇ ಇದೆ. ಎಂಜಿನ್ನನ್ನು ನಿಯಂತ್ರಿಸುವುದು ಬಾಷ್ ಕಂಪನಿಯ ಮೋಟ್ರಾನಿಕ್ ಕಂಪ್ಯೂಟರ್. ಎಂಜಿನ್ ಒಟ್ಟು ಎಷ್ಟು ಗಂಟೆ ತಿರುಗಿದೆ ಎಂಬುದು ಅದರ ನೆನಪಿನಲ್ಲಿರುತ್ತದೆ, ತಕ್ಕ ಉಪಕರಣವಿರುವ ಮೆಕ್ಯಾನಿಕ್ ಅದನ್ನು ಓದಬಲ್ಲ. ಮೈಲಿಯನ್ನು ಗಂಟೆಯಿಂದ ಭಾಗಿಸಿದರೆ ಕಾರಿನ ಜೀವಮಾನದ ಸರಾಸರಿ ವೇಗ ಸಿಗುತ್ತದೆ. 60,000 ಮೈಲಿಗೆ 2,000 ಗಂಟೆ ಎಂದರೆ ಗಂಟೆಗೆ 30 ಮೈಲಿ: ಹೆದ್ದಾರಿಯನ್ನೂ ಊರನ್ನೂ ಕಂಡ ಕಾರು. 30,000 ಮೈಲಿಗೆ 2,500 ಗಂಟೆ ಎಂದಿದ್ದರೆ ಸರಾಸರಿ 12 ಮೈಲಿ. ಒಂದೋ ಅದು ಜೀವನವಿಡೀ ಸಿಗ್ನಲ್ಲಿನಲ್ಲಿ ನಿಂತಿದೆ, ಇಲ್ಲವೇ ಮೀಟರಿಗೆ ಯಾರೋ ಕೈ ಹಾಕಿದ್ದಾರೆ. ಎಂಜಿನ್ ತನ್ನ ಮಿತಿ ಮೀರಿ ಎಷ್ಟು ಸಲ ತಿರುಗಿತು ಎಂಬುದೂ ಅದೇ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಐದನೆಯ ಗೇರಿಗೆ ಹೋಗಬೇಕಾದವನು ತಪ್ಪಿ ಮೂರಕ್ಕೆ ಹಾಕಿದರೆ ಚಕ್ರವೇ ಎಂಜಿನ್ನನ್ನು ಮಿತಿಯಾಚೆ ತಿರುಗಿಸಿಬಿಡುತ್ತದೆ, ಅದು ಕೈಗೇರಿನ ಕಾರುಗಳಲ್ಲಿ ಮೊದಲು ನೋಡಬೇಕಾದ ಅಂಕಿ. ಬ್ರಿಟನ್ನಿನಲ್ಲಿ ಕೊಳ್ಳುವವರಿಗೆ ಇನ್ನೊಂದು ಅನುಕೂಲವಿದೆ. ಮೂರು ವರ್ಷ ತುಂಬಿದ ಕಾರುಗಳು ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆಗೆ ಹೋಗಬೇಕು. ಪ್ರತಿ ಪರೀಕ್ಷೆಯ ಫಲಿತಾಂಶವನ್ನೂ ಅಂದಿನ ಮೀಟರ್ ಓದನ್ನೂ ಸರಕಾರ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಎರಡು ಪರೀಕ್ಷೆಗಳ ನಡುವೆ ಮುನ್ನೂರು ಮೈಲಿ ಮಾತ್ರ ಓಡಿದ ವರ್ಷಗಳು ಸಾಲಾಗಿ ಕಂಡರೆ, ಆ ವರ್ಷಗಳ ಆಯಿಲ್ ಬಿಲ್ಲು ಎಲ್ಲಿದೆ ಎಂದು ಕೇಳಬೇಕು.

ಬಿಲ್ಲುಗಳ ಫೈಲನ್ನು ಓದುವುದರಲ್ಲೂ ಜನ ಎಡವುತ್ತಾರೆ. ದಪ್ಪ ಫೈಲ್ ಕಂಡರೆ 'ಇದು ಸದಾ ಕೆಡುವ ಕಾರು' ಎಂದು ಹಿಂದೆ ಸರಿಯುತ್ತಾರೆ. ವಾಟರ್ ಪಂಪ್, ಕೂಲಂಟ್ ಟ್ಯಾಂಕ್, ಆಯಿಲ್ ಸೆಪರೇಟರ್, ಇವೆಲ್ಲ ಇಪ್ಪತ್ತು ವರ್ಷದಲ್ಲಿ ಹೇಗೂ ಹೋಗುವ ಭಾಗಗಳು. ಬಿಲ್ಲಿದ್ದರೆ ಹಿಂದಿನ ಮಾಲೀಕ ಕಟ್ಟಿದ್ದಾನೆ, ಇಲ್ಲದಿದ್ದರೆ ನೀವು ಕಟ್ಟುತ್ತೀರಿ. ಹಾಗೆಂದು ಫೈಲೊಂದೇ ಸಾಲದು. ಈ ಎಂಜಿನ್ನುಗಳಲ್ಲಿ, ಅದರಲ್ಲೂ 911ಕ್ಕೆ ಹಾಕಿದ 3.6 ಲೀಟರಿನವುಗಳಲ್ಲಿ, ಸಿಲಿಂಡರಿನ ಒಳಗೋಡೆ ಗೀಚಿಹೋಗುವ ರೋಗವೂ ಇದೆ. ಅದಕ್ಕೆ ಬಿಲ್ಲಿನಲ್ಲಿ ಸುಳಿವು ಸಿಗದು. ತುದಿಯಲ್ಲಿ ಕ್ಯಾಮೆರಾ ಇರುವ ತೆಳು ನಳಿಕೆಯನ್ನು ಒಳಗಿಳಿಸಿಯೇ ನೋಡಬೇಕು. ಕೆಲವು ನೂರು ಡಾಲರಿನ ಈ ತಪಾಸಣೆಗೆ ಮಾರುವವನು ಒಪ್ಪದಿದ್ದರೆ, ಅಥವಾ ನೀವು ಬರುವ ಮುಂಚೆಯೇ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ, ಮಾತು ಅಲ್ಲಿಗೇ ಮುಗಿಸುವುದು ಲೇಸು.

ಇಷ್ಟೆಲ್ಲ ತಾಪತ್ರಯ ಯಾಕೆ, ನಂಬಿಕೆಗೆ ಹೆಸರಾದ ಜಪಾನಿನ ಕಾರನ್ನೇ ಕೊಳ್ಳಬಾರದೇ ಎಂಬುದು ಕೊನೆಯ ಆಕ್ಷೇಪ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್–5ರ ಎಂಜಿನ್ ಬಾಕ್ಸ್‌ಸ್ಟರಿನದಕ್ಕಿಂತ ಸರಳ, ಗಟ್ಟಿ, ಅಗ್ಗ. ಕ್ರ್ಯಾಂಕಿನ ಮೂತಿ ಸಡಿಲವಾಗುವ ದೋಷ ಮೊದಲ ಒಂದೆರಡು ವರ್ಷದ ಕಾರುಗಳಿಗಷ್ಟೇ ಸೀಮಿತ. ಆದರೂ ಬ್ರಿಟನ್ನಿನಲ್ಲಿ ಈ ಕಾರುಗಳು ಗುಜರಿಗೆ ಹೋಗುವುದು ಹೆಚ್ಚಾಗಿ ತುಕ್ಕಿನಿಂದ. ಟಾಪಿನ ನೀರಿಳಿಯುವ ಕೊಳವೆ ಕಟ್ಟಿಕೊಂಡು, ಬಾಗಿಲ ಕೆಳಗಿನ ಟೊಳ್ಳು ತೊಲೆಯೊಳಗೆ ನೀರು ನಿಂತು, ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ಎಂಜಿನ್ ಗಡಿಯಾರದ ಹಾಗೆ ನಡೆಯುತ್ತಿರುವಾಗಲೇ ಕಾರು ಎಂಒಟಿಯಲ್ಲಿ ಫೇಲಾಗುತ್ತದೆ. ಬ್ರ್ಯಾಂಡ್ ಬದಲಿಸಿದರೆ ಕೆಡುವ ಭಾಗ ಬದಲಾಗುತ್ತದೆ, ಅಷ್ಟೇ.

ಮತ್ತೆ ಬಾಕ್ಸ್‌ಸ್ಟರಿಗೇ ಬಂದರೆ, ಬೇರಿಂಗ್ ಬದಲಿಸದ ಕಾರನ್ನು ಮುಟ್ಟಲೇಬಾರದೇ? ಮುಟ್ಟಬಹುದು, ಮತ್ತು ಇಲ್ಲಿ ಸವೆದ ಕಾರಿಗೆ ವಿಚಿತ್ರವಾದ ಮೇಲುಗೈ ಇದೆ. 2005ರವರೆಗಿನ ಬಹುತೇಕ ಎಂಜಿನ್ನುಗಳಲ್ಲಿ ಎಂಜಿನ್ ಬಿಚ್ಚದೆಯೇ ಬೇರಿಂಗ್ ಬದಲಿಸಬಹುದು, ಸೆರಾಮಿಕ್ ಗುಂಡುಗಳ ಗಟ್ಟಿ ಬೇರಿಂಗುಗಳು ಇದಕ್ಕೆಂದೇ ಸಿಗುತ್ತವೆ. (2006ರಿಂದ 2008ರವರೆಗಿನ ಎಂಜಿನ್ನುಗಳಲ್ಲಿ ಬೇರಿಂಗ್ ದೊಡ್ಡದು, ಎಂಜಿನ್ ಬಿಚ್ಚದೆ ಹೊರಬರದು, 2009ರ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ.) ಖರ್ಚಿನ ಬಹುಪಾಲು ಗೇರ್‌ಬಾಕ್ಸ್ ಇಳಿಸುವ ಕೂಲಿಯದು, ಕ್ಲಚ್ ಬದಲಿಸಲೂ ಇಳಿಸಬೇಕಾದದ್ದು ಅದನ್ನೇ. ಹಾಗಾಗಿ ಕ್ಲಚ್ ಮುಗಿಯುತ್ತಾ ಬಂದ ಎಂಬತ್ತು ಸಾವಿರ ಮೈಲಿಯ ಕಾರಿನಲ್ಲಿ ಒಂದೇ ಕೂಲಿಗೆ ಕ್ಲಚ್, ಬೇರಿಂಗ್, ಹಿಂದಿನ ಆಯಿಲ್ ಸೀಲ್ ಮೂರೂ ಹೊಸದಾಗುತ್ತವೆ. ಕ್ಲಚ್ ಜಾರುತ್ತಿರುವುದು ಟೆಸ್ಟ್ ಡ್ರೈವ್‌ನಲ್ಲೇ ಗೊತ್ತಾಗುವುದರಿಂದ ಅದನ್ನು ತೋರಿಸಿ ಬೆಲೆಯನ್ನೂ ಇಳಿಸಬಹುದು. ಇಪ್ಪತ್ತು ಸಾವಿರ ಮೈಲಿಯ ಕಾರಿನ ಕ್ಲಚ್ ಚೆನ್ನಾಗಿಯೇ ಇರುತ್ತದೆ. ಅಲ್ಲಿ ಬೇರಿಂಗಿಗಾಗಿಯೇ ಪೂರಾ ಕೂಲಿ ಕೊಡಬೇಕು, ಅದೂ ಮೀಟರಿನ ಸಣ್ಣ ಅಂಕಿಗೆಂದು ಆಗಲೇ ಹೆಚ್ಚು ಬೆಲೆ ತೆತ್ತ ಮೇಲೆ.