ರೋಮಾಂಚದ ಬೆನ್ನು ಹತ್ತಿದ ವಿಜ್ಞಾನಿ

ನಮ್ಮ ಹಿಪ್ಪರಗಿಗೆ ಮುಧೋಳವು ದೂರದ ಊರೇನಲ್ಲ. ಅಲ್ಲಿನ ಬಳೆಗಾರರ ಮನೆಯಲ್ಲಿ ಕ್ರಿ. ಶ. 949ರಲ್ಲಿ ಹುಟ್ಟಿದ ರನ್ನನು ನಮ್ಮ ಕಡೆಯವನೆಂಬ ಅಭಿಮಾನ ಈ ಭಾಗದ ಕನ್ನಡ ಅಧ್ಯಾಪಕರಿಗೆಲ್ಲ ಸ್ವಲ್ಪ ಹೆಚ್ಚಾಗಿಯೇ ಉಂಟು. ಅವನ 'ಗದಾಯುದ್ಧ'ದಲ್ಲಿ ಎಲ್ಲರೂ ಬಲ್ಲ ಒಂದು ಸಂದರ್ಭವಿದೆ. ದುರ್ಯೋಧನನು ವೈಶಂಪಾಯನ ಸರೋವರದ ನೀರಿನಲ್ಲಿ ಅಡಗಿದ್ದಾನೆ. ದಡದ ಮೇಲೆ ನಿಂತ ಭೀಮನು ಗರ್ಜಿಸುತ್ತಾನೆ. ಆ ದನಿಯನ್ನು ಕೇಳಿದ ಕೌರವನಿಗೆ ತಣ್ಣೀರಿನ ಒಳಗಿದ್ದೂ ಮೈ ಬೆವರುತ್ತದೆ. ಅದು ಭಯದ ಬೆವರಲ್ಲ, ರೋಷದ ಬೆವರು.

ಕಳೆದ ವರ್ಷ ಈ ಭಾಗವನ್ನು ಪಾಠ ಹೇಳುತ್ತಿದ್ದಾಗ, ಭರತಮುನಿಯು ಹೇಳಿದ ಎಂಟು ಸಾತ್ತ್ವಿಕ ಭಾವಗಳನ್ನು ವಿದ್ಯಾರ್ಥಿಗಳ ಮುಂದಿಟ್ಟೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮನಸ್ಸಿನ ಕ್ಷೋಭೆಯು ನಮ್ಮ ಇಚ್ಛೆಯನ್ನು ಕೇಳದೆಯೇ ಮೈಯಲ್ಲಿ ಮೂಡುವ ಬಗೆಗಳಿವು. ಪಾಂಡಿತ್ಯದ ಜೊತೆಗೆ ಆಧುನಿಕತೆಯನ್ನೂ ತುಸು ತೋರಿಸಬೇಕೆಂಬ ಚಾಪಲ್ಯದಿಂದ, "ಇವೆಲ್ಲವೂ ಇಂದಿನ ವಿಜ್ಞಾನದ ಪ್ರಕಾರ ಅಡ್ರಿನಲಿನ್ ಎಂಬ ರಸದ ಕೆಲಸ" ಎಂದು ಹೇಳಿಬಿಟ್ಟೆ. ಪಿಯುಸಿಯಲ್ಲಿ ವಿಜ್ಞಾನ ಓದಿ ಬಿಎಗೆ ಬಂದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಎದ್ದು, "ಸರ್, ಬೆವರಿಂದು ಬ್ಯಾರೆ ಐತ್ರಿ. ಅದು ಅಡ್ರಿನಲಿನ್‌ದು ಅಲ್ರಿ" ಎಂದಳು. ನೋಡಿ ಹೇಳುತ್ತೇನೆಂದು ಮಾತು ಕೊಟ್ಟು ಆ ಗಂಟೆಯನ್ನು ಮುಗಿಸಿದೆ. ಹಾಗೆ ನೋಡಹೋದವನಿಗೆ ದೊರೆತದ್ದು ರಾಬರ್ಟ್ ಲೆಫ್ಕೋವಿಟ್ಸ್ ಎಂಬವರ ಜೀವನ.

ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆಯಂತೆ ಕುಳಿತ ಎರಡು ಪುಟ್ಟ ಗ್ರಂಥಿಗಳಿವೆ. ಅವು ಸ್ರವಿಸುವ ರಸವೇ ಅಡ್ರಿನಲಿನ್. ಅದು ರಕ್ತದಲ್ಲಿ ಹರಿದಾಗ ಎದೆ ಬಡಿದುಕೊಳ್ಳುತ್ತದೆ, ಶ್ವಾಸನಾಳ ಅಗಲವಾಗುತ್ತದೆ, ಚರ್ಮದ ರಕ್ತನಾಳಗಳು ಬಿಗಿದು ಮುಖ ಬಿಳುಪೇರುತ್ತದೆ, ಕೈ ನಡುಗುತ್ತದೆ. ಒಂದೇ ರಸವು ಒಂದು ಕಡೆ ಬಿಗಿಯುವುದು, ಇನ್ನೊಂದು ಕಡೆ ಸಡಿಲಿಸುವುದು ಹೇಗೆ? 1948ರಲ್ಲಿ ಅಮೆರಿಕದ ಜಾರ್ಜಿಯಾದ ರೇಮಂಡ್ ಅಲ್‌ಕ್ವಿಸ್ಟ್ ಎಂಬ ಔಷಧಶಾಸ್ತ್ರಜ್ಞರು ಇದಕ್ಕೊಂದು ಉತ್ತರವನ್ನು ಊಹಿಸಿದರು. ರಸ ಒಂದೇ ಆದರೂ ಅದನ್ನು ಬರಮಾಡಿಕೊಳ್ಳುವ 'ಗ್ರಾಹಕ'ಗಳು ಎರಡು ಬಗೆಯವು. ಒಂದು ಆಲ್ಫಾ, ಇನ್ನೊಂದು ಬೀಟಾ. ಆ ಲೇಖನವನ್ನು ಮೊದಲು ಒಂದು ಪತ್ರಿಕೆ ತಿರಸ್ಕರಿಸಿತು. ಇನ್ನೊಂದರಲ್ಲಿ ಅಚ್ಚಾದ ಮೇಲೂ ಬಹುಕಾಲ ಯಾರೂ ಅದನ್ನು ಗಮನಿಸಲಿಲ್ಲ. ಗಮನಿಸಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಅವರು ಬೀಟಾ ಗ್ರಾಹಕವನ್ನು ತಡೆಯುವ ಪ್ರೊಪ್ರನೊಲಾಲ್ ಎಂಬ ಮದ್ದನ್ನು 1960ರ ದಶಕದಲ್ಲಿ ಸಿದ್ಧಪಡಿಸಿದರು. 1988ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಇಲ್ಲೊಂದು ಸೋಜಿಗವುಂಟು. ಮದ್ದು ಅಂಗಡಿಗೆ ಬಂದು ರೋಗಿಗಳು ನುಂಗಿ ಗುಣ ಕಂಡರೂ, ಆ ಗ್ರಾಹಕವೆಂಬ ವಸ್ತುವನ್ನು ಯಾರೂ ಕಂಡಿರಲಿಲ್ಲ. ಅಲ್‌ಕ್ವಿಸ್ಟರೇ ಅದನ್ನು ವಿವರಣೆಗೆಂದು ಕಟ್ಟಿಕೊಂಡ ಒಂದು ಕಲ್ಪನೆಯೆಂದು ಬಗೆದಿದ್ದರು. ನಮ್ಮ ಅಲಂಕಾರಶಾಸ್ತ್ರದಲ್ಲಿ 'ಧ್ವನಿ' ಎಂಬುದಿಲ್ಲವೇ, ಹಾಗೆ: ಕಾರ್ಯ ಕಾಣುತ್ತದೆ, ಕಾರಣವು ಊಹೆಯಲ್ಲಿ ಮಾತ್ರ.

ಲೆಫ್ಕೋವಿಟ್ಸ್ ಹುಟ್ಟಿದ್ದು 1943ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್ ಎಂಬಲ್ಲಿ. ಪೋಲೆಂಡಿನಿಂದ ವಲಸೆ ಬಂದ ಯೆಹೂದಿ ಮನೆತನ. ಚಿಕ್ಕಂದಿನಿಂದಲೂ ಅವರಿಗೆ ವೈದ್ಯನಾಗಬೇಕೆಂಬುದು ಬಿಟ್ಟರೆ ಬೇರೆ ಹಂಬಲವಿರಲಿಲ್ಲ. 1966ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದರು. ಅದು ವಿಯೆಟ್ನಾಮ್ ಯುದ್ಧದ ಕಾಲ. ಎಳೆಯ ವೈದ್ಯರೆಲ್ಲ ಯಾವುದಾದರೊಂದು ಬಗೆಯ ಸರ್ಕಾರಿ ಸೇವೆ ಸಲ್ಲಿಸಲೇಬೇಕು. ರಣರಂಗಕ್ಕೆ ಹೋಗುವುದರ ಬದಲು ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ದುಡಿಯುವ ಅವಕಾಶ 1968ರಲ್ಲಿ ಅವರಿಗೆ ದೊರೆಯಿತು. ಸಂಶೋಧನೆಯಲ್ಲಿ ಅವರಿಗೆ ಒಲವಿದ್ದು ಹೋದದ್ದಲ್ಲ. ಜೆಸ್ಸಿ ರಾತ್ ಮತ್ತು ಐರಾ ಪಾಸ್ಟನ್ ಎಂಬ ಹಿರಿಯರು ಒಪ್ಪಿಸಿದ ಕೆಲಸವೂ ಸುಲಭವಾಗಿರಲಿಲ್ಲ: ಒಂದು ಹಾರ್ಮೋನಿಗೆ ವಿಕಿರಣ ಸೂಸುವ ಅಯೋಡಿನ್ನನ್ನು ಅಂಟಿಸಿ, ಅದು ಜೀವಕೋಶದ ಪೊರೆಯಲ್ಲಿ ಎಲ್ಲಿ ಹೋಗಿ ಕೂಡುತ್ತದೆಂಬುದನ್ನು ಪತ್ತೆಮಾಡುವುದು.

ವರ್ಷಕ್ಕೂ ಹೆಚ್ಚು ಕಾಲ ಒಂದೂ ಕೈಗೂಡಲಿಲ್ಲ. ಶಾಲೆಯಲ್ಲಿ ಎಂದೂ ಸೋತು ಅರಿಯದ ಯುವಕನಿಗೆ ಅದು ಮೊದಲ ಸೋಲು. ಅದೇ ದಿನಗಳಲ್ಲಿ ತಂದೆ ಹೃದಯಾಘಾತದಿಂದ ತೀರಿಕೊಂಡರು. ಇದು ತನ್ನ ದಾರಿಯಲ್ಲವೆಂದು ನಿಶ್ಚಯಿಸಿ ಆಸ್ಪತ್ರೆಯ ಕೆಲಸಕ್ಕೆ ಮರಳುವ ಏರ್ಪಾಟನ್ನೂ ಮಾಡಿಕೊಂಡರು. ಆಮೇಲೆ ಪ್ರಯೋಗ ಫಲಿಸಿತು! ಆದರೂ ಮಾತಿನಂತೆ 1970ರಲ್ಲಿ ಬಾಸ್ಟನ್ನಿಗೆ ಹೋದರು. ಅಲ್ಲಿ ಹಗಲಿರುಳೂ ರೋಗಿಗಳ ನಡುವೆ ಇರುವಾಗ, ತಾನು ಕಳೆದುಕೊಂಡದ್ದು ಪ್ರಯೋಗಶಾಲೆಯನ್ನೆಂದು ಅವರಿಗೆ ಮನವರಿಕೆಯಾಯಿತು. ದ್ವೇಷಿಸುತ್ತಿದ್ದೇನೆಂದುಕೊಂಡ ವಿದ್ಯೆಯ ಗೀಳು ಹೀಗೆ ಹಿಡಿಯುವುದನ್ನು ನಾನು ನನ್ನ ಕೆಲವು ವಿದ್ಯಾರ್ಥಿಗಳಲ್ಲಿಯೂ ಕಂಡಿದ್ದೇನೆ; ಹಳಗನ್ನಡವೆಂದರೆ ಮುಖ ಸಿಂಡರಿಸುತ್ತಿದ್ದವನೇ ಮುಂದೆ ಶಾಸನಗಳನ್ನು ಹುಡುಕಿಕೊಂಡು ಹೊಲದ ಬದುವಿನಲ್ಲಿ ಅಲೆಯುತ್ತಾನೆ.

1973ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಲೆಫ್ಕೋವಿಟ್ಸ್ ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿಂದ ಮುಂದೆ ಕದಲಲಿಲ್ಲ. ಹೃದ್ರೋಗ ತಜ್ಞರಾದ್ದರಿಂದ ಅವರು ಆರಿಸಿಕೊಂಡದ್ದು ಅಡ್ರಿನಲಿನ್‌ನ ಗ್ರಾಹಕವನ್ನೇ. ಗ್ರಾಹಕವೆಂಬುದು ಉಂಟೆಂದು ನಂಬದವರ ನಡುವೆ ಅದನ್ನು ಕೈಯಲ್ಲಿ ಹಿಡಿದು ತೋರಿಸಬೇಕಾಗಿತ್ತು. ವಿಕಿರಣದ ಗುರುತು ಹಚ್ಚಿದ ಮದ್ದುಗಳಿಂದ ಮೊದಲು ಅದರ ಇರವನ್ನು ಅಳೆದರು. ಅನಂತರ ಅದನ್ನು ಪೊರೆಯಿಂದ ಬಿಡಿಸಿ ಶುದ್ಧಗೊಳಿಸುವ ಕೆಲಸ. ಪೊರೆಯಲ್ಲಿನ ಇತರ ಪ್ರೋಟೀನುಗಳ ರಾಶಿಯಲ್ಲಿ ಅದರ ಪಾಲು ಎಷ್ಟು ಅಲ್ಪವೆಂದರೆ, ಒಂದು ಲಕ್ಷ ಪಟ್ಟು ಸೋಸಬೇಕಾಯಿತು. ಕಬ್ಬಿನ ಗಾಣದ ನಾಡಿನವರಾದ ನಮಗೆ ರಸವನ್ನು ಕಾಯಿಸಿ, ಕಲ್ಮಷ ತೆಗೆದು, ಬೆಲ್ಲ ಮಾಡುವುದು ಗೊತ್ತು. ಆದರೆ ಒಂದು ಲಕ್ಷ ಕೊಪ್ಪರಿಗೆಯನ್ನು ಬತ್ತಿಸಿ ಒಂದನ್ನು ಉಳಿಸುವ ತಾಳ್ಮೆಯನ್ನು ನಾವು ಊಹಿಸಬಹುದಷ್ಟೆ. ಇದಕ್ಕೆ ಸುಮಾರು ಒಂದು ದಶಕವೇ ಹಿಡಿಯಿತು.

1984ರಲ್ಲಿ ಬ್ರಯನ್ ಕೊಬಿಲ್ಕಾ ಎಂಬ ತರುಣ ವೈದ್ಯರು ಆ ಪ್ರಯೋಗಶಾಲೆಗೆ ಬಂದರು. ಎರಡು ವರ್ಷಗಳಲ್ಲಿ, ಮರ್ಕ್ ಕಂಪನಿಯ ವಿಜ್ಞಾನಿಗಳೊಡನೆ ಕೂಡಿ, ಬೀಟಾ-2 ಗ್ರಾಹಕದ ವಂಶವಾಹಿಯನ್ನು ಓದಿದರು. ಓದಿದಾಗ ಕಂಡದ್ದು ಯಾರೂ ಎಣಿಸದ ಸಂಗತಿ. ಆ ಪ್ರೋಟೀನಿನ ಎಳೆ ಜೀವಕೋಶದ ಪೊರೆಯನ್ನು ಏಳು ಬಾರಿ ಹೊಲಿದಂತೆ ದಾಟುತ್ತದೆ. ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ರೊಡಾಪ್ಸಿನ್ ಎಂಬ ಪ್ರೋಟೀನೂ ಹಾಗೆಯೇ ಏಳು ಬಾರಿ ದಾಟುತ್ತದೆ. ಬೆಳಕಿಗೂ ಭಯಕ್ಕೂ ಏನು ನಂಟು? ಇವೆರಡೂ ಒಂದೇ ಕುಲದವು! ಆ ಕುಲ ಎಷ್ಟು ದೊಡ್ಡದೆಂಬುದು ಮುಂದೆ ತಿಳಿಯಿತು. ಮನುಷ್ಯನಲ್ಲಿ ಇಂಥ ಸುಮಾರು 800 ಗ್ರಾಹಕಗಳಿವೆ. ವಾಸನೆ, ಬಗೆಬಗೆಯ ರುಚಿ, ನೋವು ಎಲ್ಲದರಲ್ಲಿಯೂ ಇವುಗಳ ಕೈವಾಡ. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಮೂರನೆಯ ಒಂದು ಪಾಲು ಇವುಗಳ ಮೇಲೆಯೇ ಕೆಲಸಮಾಡುತ್ತವೆ.

ಜಮಖಂಡಿಯ ಕಡೆಯ ಹಳೆಯ ವಾಡೆಗಳನ್ನು ನೋಡಿದವರಿಗೆ ಈ ಗ್ರಾಹಕದ ಕೆಲಸವನ್ನು ಹೇಳುವುದು ಸುಲಭ. ಹೊರಗಿನಿಂದ ಬಂದ ಓಲೆಕಾರನನ್ನು ಒಳಗೆ ಬಿಡುವ ರೂಢಿಯಿಲ್ಲ. ಅಗಸಿಯ ಕಾವಲುಗಾರನು ಮಾತನ್ನು ಕೇಳಿಕೊಂಡು ಒಳಗಿನ ಆಳಿಗೆ ಹೇಳುತ್ತಾನೆ, ಆ ಆಳು ಓಡಿಹೋಗಿ ಒಡೆಯನಿಗೆ ಮುಟ್ಟಿಸುತ್ತಾನೆ. ಅಡ್ರಿನಲಿನ್ ಕೂಡ ಕೋಶದ ಒಳಗೆ ಹೋಗುವುದಿಲ್ಲ. ಗ್ರಾಹಕಕ್ಕೆ ಮುಟ್ಟಿ ಹಿಂದೆ ಸರಿಯುತ್ತದೆ. ಗ್ರಾಹಕವು ಒಳಮುಖಕ್ಕೆ ತಿರುಚಿಕೊಂಡು ಜಿ-ಪ್ರೋಟೀನನ್ನು ಎಬ್ಬಿಸುತ್ತದೆ. ಅದರ ಮೂಲಕ ಸೈಕ್ಲಿಕ್ ಎಎಂಪಿ ಎಂಬ ಎರಡನೆಯ ದೂತ ಹುಟ್ಟುತ್ತಾನೆ. ಈ ಎರಡನೆಯ ದೂತನನ್ನು ಕಂಡವರು ಅರ್ಲ್ ಸದರ್‌ಲೆಂಡ್, 1971ರ ನೊಬೆಲ್ ಅವರದು. ಜಿ-ಪ್ರೋಟೀನನ್ನು ಕಂಡ ಗಿಲ್ಮನ್ ಮತ್ತು ರಾಡ್‌ಬೆಲ್ ಅವರಿಗೆ 1994ರದು.

ಓಲೆಕಾರನು ಮೇಲಿಂದ ಮೇಲೆ ಬಂದು ಕೂಗಿದರೆ ಕಾವಲುಗಾರನು ಕಿವಿ ಮುಚ್ಚಿಕೊಳ್ಳುತ್ತಾನಲ್ಲವೇ? ದಮ್ಮಿನ ರೋಗಿಗಳು ಪಂಪನ್ನು ಅತಿಯಾಗಿ ಎಳೆದುಕೊಂಡರೆ ಅದರ ಗುಣ ಕಡಮೆಯಾಗುವುದರ ಮರ್ಮವಿದು. ಲೆಫ್ಕೋವಿಟ್ಸರ ಶಿಷ್ಯರು ಗ್ರಾಹಕಕ್ಕೆ ಮುದ್ರೆಯೊತ್ತುವ ಒಂದು ಕಿಣ್ವವನ್ನೂ, ಆ ಮುದ್ರೆಯನ್ನು ಕಂಡು ಬಂದು ಬಾಗಿಲಿಗೆ ಅಡ್ಡ ನಿಲ್ಲುವ ಬೀಟಾ-ಅರೆಸ್ಟಿನ್ ಎಂಬ ಪ್ರೋಟೀನನ್ನೂ ಕಂಡುಹಿಡಿದರು. ಅರೆಸ್ಟಿನ್ ಬರಿಯ ಅಡ್ಡಗೋಲಲ್ಲ, ತಾನೂ ಒಳಕ್ಕೆ ಬೇರೆ ಸುದ್ದಿಯನ್ನು ಸಾಗಿಸುತ್ತದೆಂಬುದು ಆಮೇಲೆ ತಿಳಿದ ವಿಷಯ. ಡ್ಯೂಕ್‌ನಲ್ಲಿ ಅವರೊಡನೆ ದುಡಿದ ಅರುಣ್ ಕುಮಾರ್ ಶುಕ್ಲಾ ಅವರು ಈ ಕೆಲಸವನ್ನು ನಮ್ಮ ದೇಶದಲ್ಲಿ, ಕಾನ್ಪುರದ ಐಐಟಿಯಲ್ಲಿ ಮುಂದುವರಿಸಿದ್ದಾರೆ.

ಈ ಬಾಗಿಲುಗಳ ವಿಚಾರ ನನಗೆ ಪುಸ್ತಕದ ವಿಚಾರವಾಗಿ ಉಳಿಯಲಿಲ್ಲ. ನಮ್ಮ ಅಪ್ಪನಿಗೆ ಕೈ ನಡುಗುವ ಬೇನೆ. ಅದಕ್ಕೆ ಪ್ರೊಪ್ರನೊಲಾಲ್ ಗುಳಿಗೆ. ಅವ್ವನಿಗೆ ದಮ್ಮು, ಅವಳಿಗೆ ಸಾಲ್ಬುಟಮಾಲ್ ಪಂಪು. ಒಂದೇ ಗೂಡಿನಲ್ಲಿ ಎರಡೂ ಇರುತ್ತಿದ್ದವು. ಪಂಪಿನ ಮದ್ದು ಬೀಟಾ-2ರ ಬಾಗಿಲನ್ನು ತಟ್ಟಿ ಶ್ವಾಸನಾಳವನ್ನು ಸಡಿಲಿಸುತ್ತದೆ. ಜೊತೆಗೆ ಎದೆಯನ್ನೂ ತುಸು ಹಾರಿಸುತ್ತದೆ, ಕೈಯನ್ನು ನಡುಗಿಸುತ್ತದೆ. ಕಬ್ಬು ಕಡಿಯುವ ಕಾಲದ ಒಂದು ರಾತ್ರಿ ಅವ್ವ ಪಂಪನ್ನು ನಾಲ್ಕಾರು ಸಲ ಎಳೆದುಕೊಂಡಳು. ಎದೆ ಹಾರತೊಡಗಿತು. ಗಂಡನ ನಡುಕಕ್ಕೆ ಆಗುವ ಗುಳಿಗೆ ತನಗೂ ಆದೀತೆಂದು ಯಾರಿಗೂ ಹೇಳದೆ ನುಂಗಿದಳು. ಆ ಗುಳಿಗೆಯು ಹೃದಯದ ಬೀಟಾ-1, ಶ್ವಾಸನಾಳದ ಬೀಟಾ-2 ಎಂಬ ಭೇದವನ್ನು ಎಣಿಸದೆ ಎರಡನ್ನೂ ಮುಚ್ಚುವಂಥದು. ಎದೆಬಡಿತವೇನೋ ತಗ್ಗಿತು, ಉಸಿರು ಕಟ್ಟಿತು. ಪಂಪು ಎಷ್ಟು ಎಳೆದರೂ ನಾಟಲಿಲ್ಲ. ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಾಗಿತ್ತು.

ರಾತ್ರಿ ಎರಡು ಗಂಟೆಗೆ ಅವಳನ್ನು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಅವಳ ತುಟಿ ನೀಲಿಗಟ್ಟಿದ್ದುದನ್ನು ಎದುರಿನ ಬೆಳಕಿನಲ್ಲಿ ಕಂಡೆ. ನನ್ನ ಮೈಯ ಕೂದಲು ನಿಮಿರಿ ನಿಂತುದು ನೆನಪಿದೆ. ರೋಮಾಂಚವನ್ನು ನಾನು ಅಂದಿನವರೆಗೆ ಬರಿಯ ಶೃಂಗಾರಕ್ಕೂ ಭಕ್ತಿಗೂ ಹಚ್ಚಿ ಪಾಠ ಹೇಳಿದವನು. ಅಲ್ಲಿಯ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಏನು ನುಂಗ್ಯಾರ?" ಎಂದು. ಅವ್ವ ಉಸಿರಿನ ನಡುವೆ, "ಅವರ ಗುಳಿಗಿ" ಎಂದಳು. ಅವರು ಕೂಡಲೇ ಮೂಗು ಬಾಯಿ ಮುಚ್ಚುವ ಮುಸುಕಿನಿಂದ ಬೇರೊಂದು ಮದ್ದನ್ನು ಕೊಟ್ಟರು. ಬೆಳಗಾಗುವ ಹೊತ್ತಿಗೆ ಅವಳು ಚಹಾ ಕೇಳಿದಳು.

ಇನ್ನು ಉಳಿದ ಕಥೆ. ಕೊಬಿಲ್ಕಾ ಅವರು ಸ್ಟ್ಯಾನ್‌ಫರ್ಡಿಗೆ ಹೋಗಿ ಆ ಗ್ರಾಹಕದ ಹರಳನ್ನು ಬೆಳೆಸಿ ರೂಪವನ್ನು ಕಾಣಲು ವರ್ಷಾನುವರ್ಷ ಹೆಣಗಿದರು. 2007ರಲ್ಲಿ ರೂಪ ಕಂಡಿತು. 2011ರಲ್ಲಿ ಗ್ರಾಹಕವು ಜಿ-ಪ್ರೋಟೀನಿನ ಕೈಹಿಡಿದ ಗಳಿಗೆಯ ಚಿತ್ರವೇ ದೊರೆಯಿತು. ಮರುವರ್ಷ ಗುರುಶಿಷ್ಯರಿಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಆ ನಸುಕಿನಲ್ಲಿ ಸ್ಟಾಕ್‌ಹೋಮಿನಿಂದ ಕರೆ ಬಂದಾಗ ಲೆಫ್ಕೋವಿಟ್ಸ್ ಕಿವಿಗೆ ಬಿರಡೆಯಿಟ್ಟುಕೊಂಡು ಮಲಗಿದ್ದರಂತೆ. ಹೆಂಡತಿ ತಿವಿದು ಎಬ್ಬಿಸಬೇಕಾಯಿತು. ಗ್ರಾಹಕಗಳನ್ನು ಹುಡುಕಿದವರ ಸ್ವಂತ ಗ್ರಾಹಕವೇ ಮುಚ್ಚಿತ್ತೆಂದು ನಾನು ಹೇಳಿದರೆ ಓದುಗರು ಕ್ಷಮಿಸಬೇಕು. ಅವರ ಕೈಕೆಳಗೆ ಕಲಿತವರ ಸಂಖ್ಯೆ ಇನ್ನೂರನ್ನು ಮೀರಿದೆ.

ಈಗ ನನ್ನ ವಿದ್ಯಾರ್ಥಿನಿಯ ಮಾತು. ಅವಳು ಹೇಳಿದ್ದೇ ಸರಿ. ರೋಮಾಂಚಕ್ಕೂ ವೈವರ್ಣ್ಯಕ್ಕೂ ಆಲ್ಫಾ ಗ್ರಾಹಕ ಕಾರಣ, ವೇಪಥುವಿಗೆ ಬೀಟಾ. ಅಶ್ರುವಿನ ದಾರಿ ಬೇರೆ. ಬೆವರಿನ ಗ್ರಂಥಿಗಳಿಗೆ ಹೋಗುವ ನರಗಳು ಭಯರೋಷಗಳನ್ನು ಸಾರುವ ಗುಂಪಿಗೇ ಸೇರಿದ್ದರೂ, ಅವುಗಳ ತುದಿಯಲ್ಲಿ ಒಸರುವುದು ಅಡ್ರಿನಲಿನ್‌ನ ಬಳಗದ ರಸವಲ್ಲ, ಅಸಿಟೈಲ್‌ಕೋಲಿನ್ ಎಂಬ ಬೇರೊಂದು ರಸ. ಅದಕ್ಕೆ ಬೇರೆ ಗ್ರಾಹಕ. ಆದರೆ ಅದೂ ಆ ಏಳು ಹೊಲಿಗೆಯ ಕುಲದ್ದೇ. ಶ್ವಾಸನಾಳವನ್ನು ಬಿಗಿಯುವುದೂ ಇದೇ ರಸ. ಆ ರಾತ್ರಿ ವೈದ್ಯರು ಅವ್ವನಿಗೆ ಕೊಟ್ಟ ಇಪ್ರಾಟ್ರೋಪಿಯಮ್ ಎಂಬ ಮದ್ದು ಇದರ ಬಾಗಿಲನ್ನು ಮುಚ್ಚುವಂಥದು. ಅಗಳಿ ಬಿದ್ದ ಬಾಗಿಲನ್ನು ಬಿಟ್ಟು ಮಗ್ಗುಲ ಬಾಗಿಲಿನಿಂದ ಹೊಕ್ಕರೆನ್ನಬಹುದು.

ಈ ವರ್ಷ 'ಗದಾಯುದ್ಧ'ದ ಆ ಭಾಗ ಬಂದಾಗ, ಸರೋವರದ ದಡಕ್ಕೆ ಭೀಮನನ್ನು ತಂದು ನಿಲ್ಲಿಸಿ, ಹಿಂದಿನ ಬೆಂಚಿನ ಆ ಹುಡುಗಿಯನ್ನೇ ಮುಂದಿನ ವರ್ಗದವರ ಎದುರಿಗೆ ಕರೆದೆ. ಅವಳು ಹತ್ತು ನಿಮಿಷ ಹೇಳಿದಳು. ಮನೆಯಲ್ಲಿ ಅಪ್ಪನ ಗುಳಿಗೆಗಳಿಗೆ ಈಗ ಬೇರೆ ಡಬ್ಬಿ, ಬೇರೆ ಗೂಡು. ಕೀಲಿಕೈ ನನ್ನ ಜನಿವಾರದಂತೆ ಸದಾ ನನ್ನ ಬಳಿಯೇ ಎಂದು ಅವ್ವ ಬಂದವರೆದುರಿಗೆಲ್ಲ ನಗೆಯಾಡುತ್ತಾಳೆ.