ಪಂಜರದ ಹೊರಗಿನ ಗೆಲುವು

ಕಬ್ಬಿನ ಹಂಗಾಮು ಮೊದಲಾಗುವ ದಿನಗಳವು. ಮಧ್ಯಾಹ್ನದ ಬಿಡುವಿನ ವೇಳೆಯಲ್ಲಿ ನಮ್ಮ ಶಾಲೆಯ ಬೇವಿನ ಮರದಡಿ ಏಳನೆಯ ಇಯತ್ತೆಯ ಹುಡುಗರು ಗುಂಪುಗೂಡಿ ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದರು. ಸದ್ದಿಲ್ಲದೆ ಹಿಂದೆ ಹೋಗಿ ನಿಂತು ಇಣುಕಿದೆ. ಜಾಲರಿ ಕಟ್ಟಿದ ಪಂಜರವೊಂದರಲ್ಲಿ ಇಬ್ಬರು ಧಾಂಡಿಗರು ಹೊಡೆದಾಡುತ್ತಿದ್ದರು. ಒಬ್ಬ ನೆಲಕ್ಕುರುಳಿದ, ಮತ್ತೊಬ್ಬ ಅವನ ಮೇಲೆರಗಿ ಗುದ್ದುತ್ತಲೇ ಇದ್ದ. ನಾನು ಗದರಿಸುವ ಮುನ್ನವೇ ಒಬ್ಬ ಹುಡುಗ ಎದ್ದು ನಿಂತು, “ಸರ್ರ, ಇದರಾಗ ಕೋಟಿಗಟ್ಟಲೆ ರೊಕ್ಕ ಸಿಗತೈತಂತ್ರಿ. ನಾ ಸಾಲಿ ಬಿಟ್ಟು ಇದನ್ನ ಕಲೀತೀನ್ರಿ” ಎಂದ.

ಆ ಹುಡುಗನ ತಂದೆತಾಯಿಗಳು ಕಬ್ಬು ಕಡಿಯುವ ಟೋಳಿಯವರು. ದಸರೆ ಕಳೆದೊಡನೆ ಮುಕಾದಮನಿಂದ ಉಚಲು ಪಡೆದು ಹೊರಟರೆ ಬೇಸಗೆಯವರೆಗೆ ಅವರು ಮನೆಯ ಮುಖ ಕಾಣುವಂತಿಲ್ಲ. ಅಂಥ ಮನೆಯ ಹುಡುಗ ಕೋಟಿಯ ಮಾತಾಡಿದರೆ ನಗುವುದು ಅಧ್ಯಾಪಕನಿಗೆ ತರವಲ್ಲ. “ವಿಚಾರಿಸಿ ಹೇಳುತ್ತೇನೆ” ಎಂದು ಮಾತುಕೊಟ್ಟೆ. ಆ ಮಾತನ್ನು ಉಳಿಸಿಕೊಳ್ಳಲು ಓದಿ ತಿಳಿದದ್ದನ್ನು, ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಓದುಗರ ಮುಂದೆಯೂ ಇಡಬೇಕೆನಿಸಿತು.

ಈ ಕಾಳಗದ ಪರಿ

ಕುಸ್ತಿ ನಮ್ಮ ಭಾಗದವರಿಗೆ ಹೊಸದೇನಲ್ಲ. ಊರ ಜಾತ್ರೆಯಲ್ಲಿ ಕೆಂಪು ಮಣ್ಣಿನ ಅಖಾಡವನ್ನು ಹದಗೊಳಿಸಿ, ಬೆಳ್ಳಿಯ ಕಡಗವನ್ನು ಪಣಕ್ಕಿಟ್ಟು, ಜೋಡಿ ಬಿಡುವುದನ್ನು ನಾನು ಬಾಲ್ಯದಿಂದ ಕಂಡವನು. ಅಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಕುಸ್ತಿ ಮುಗಿಯಿತು. ಗೆದ್ದವನೇ ಸೋತವನನ್ನು ಕೈಹಿಡಿದು ಎಬ್ಬಿಸುತ್ತಾನೆ. ಹುಡುಗರು ನೋಡುತ್ತಿದ್ದ ಆಟದಲ್ಲಾದರೋ ಬೆನ್ನು ನೆಲಕ್ಕೆ ತಾಗಿದ ಮೇಲೆಯೂ ಕಾಳಗ ಮುಗಿಯುವುದಿಲ್ಲ. ಮುಷ್ಟಿಯುದ್ಧದ ಗುದ್ದು, ಒದೆತ, ಕುಸ್ತಿಯ ಪಟ್ಟು, ಕೀಲು ತಿರುಚುವ ಹಿಡಿತ, ಕತ್ತು ಅಮುಕುವ ಬಿಗಿ ಎಲ್ಲವೂ ಇದರಲ್ಲಿ ಸೇರಿವೆ. ಅದರಿಂದಲೇ ಇದಕ್ಕೆ ಮಿಶ್ರ ಸಮರಕಲೆ ಎಂಬ ಹೆಸರು. ಹುಡುಗರ ಬಾಯಲ್ಲಿ ಇದು ಎಂ.ಎಂ.ಎ.

ಈ ಆಟದ ಅತಿ ದೊಡ್ಡ ಸಂಸ್ಥೆಯಾದ ಯು.ಎಫ್.ಸಿ.ಯ ಮೊದಲ ಪಂದ್ಯಗಳು 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನಡೆದವು. ಆಗ ನಿಯಮಗಳು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿನ ಸೆನೆಟ್ ಸದಸ್ಯ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕವೆಂದು ಖಂಡಿಸಿದರು. ಹಲವು ರಾಜ್ಯಗಳು ನಿಷೇಧಿಸಿದವು. ಮುಂದೆ ತೂಕದ ವರ್ಗ, ಐದು ನಿಮಿಷಗಳ ಸುತ್ತು, ಕೈಗವಸು, ವೈದ್ಯರ ತಪಾಸಣೆ ಇವೆಲ್ಲ ಬಂದವು. ಕಣ್ಣಿಗೆ ಬೆರಳು ಹಾಕುವುದು, ಕಚ್ಚುವುದು, ತಲೆಯ ಹಿಂಬದಿಗೆ ಹೊಡೆಯುವುದು ನಿಷಿದ್ಧವಾದವು. 2001ರಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾದ ಈ ಸಂಸ್ಥೆ 2016ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಕೈ ಬದಲಾಯಿಸಿತು. ಹುಡುಗ ಹೇಳಿದ ಕೋಟಿಗಳು ಸುಳ್ಳಲ್ಲ. ಆದರೆ ಅವು ಸೇರುವುದು ಯಾರ ಕೈಗೆ? ಇದಕ್ಕೆ ಉತ್ತರ ನನಗೆ ದೊರೆತದ್ದು ಫ್ರಾನ್ಸಿಸ್ ಎನ್ಗಾನು ಎಂಬ ಮಲ್ಲನ ಬಾಳಿನಲ್ಲಿ.

ಬಾತಿಯೆಯ ಬಾಲಕ

ಎನ್ಗಾನು ಹುಟ್ಟಿದ್ದು 1986ರಲ್ಲಿ, ಆಫ್ರಿಕದ ಕ್ಯಾಮರೂನ್ ದೇಶದ ಪಶ್ಚಿಮ ಭಾಗದ ಬಾತಿಯೆ ಎಂಬ ಹಳ್ಳಿಯಲ್ಲಿ. ಆತನ ಆರನೆಯ ವಯಸ್ಸಿನಲ್ಲಿ ತಂದೆತಾಯಿಗಳು ಬೇರೆಯಾದರು. ಬಾಲಕ ಬಂಧುಗಳ ಮನೆಗಳಲ್ಲಿ ಬೆಳೆದ. ಹತ್ತು ಹನ್ನೆರಡರ ಎಳೆಯ ಪ್ರಾಯದಲ್ಲಿಯೇ ಮರಳ ಗಣಿಯಲ್ಲಿ ಸಲಿಕೆ ಹಿಡಿದು, ಮರಳು ತೋಡಿ ಲಾರಿಗೆ ತುಂಬುವ ಕೂಲಿಯಾದ. ದೂರದ ಶಾಲೆಗೆ ನಡೆದು ಹೋಗುತ್ತಿದ್ದನಾದರೂ ಎಷ್ಟೋ ದಿನ ಕೈಯಲ್ಲಿ ಲೇಖನಿಯಾಗಲಿ ಪುಸ್ತಕವಾಗಲಿ ಇರುತ್ತಿರಲಿಲ್ಲವೆಂದೂ, ಊಟದ ಬಿಡುವಿನಲ್ಲಿ ಉಣ್ಣಲು ಏನೂ ಇರುತ್ತಿರಲಿಲ್ಲವೆಂದೂ ಆತನೇ ಹೇಳಿಕೊಂಡಿದ್ದಾನೆ. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದ ನನಗೆ ಈ ಮಾತು ಬಹಳ ಹೊತ್ತು ಮನಸ್ಸಿನಿಂದ ಹೋಗಲಿಲ್ಲ. ಅಂಥ ಮಕ್ಕಳು ಯಾವ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆಂಬುದನ್ನು ಪ್ರತಿಯೊಬ್ಬ ಅಧ್ಯಾಪಕನೂ ಬಲ್ಲ.

ತಂದೆ ಬೀದಿಜಗಳಕ್ಕೆ ಹೆಸರಾದವನು. ಊರಿನ ಪುಂಡರ ಕೂಟ ಮಗನನ್ನೂ ಕರೆಯಿತು. ತಂದೆಗೆ ಬಂದ ಹೆಸರು ತನಗೆ ಬೇಡವೆಂದು ಆತ ದೂರ ಸರಿದ. ಅದೇ ತೋಳ್ಬಲವನ್ನು ಸನ್ಮಾರ್ಗಕ್ಕೆ ತಿರುಗಿಸಬೇಕೆಂದು ಮುಷ್ಟಿಯುದ್ಧದ ಕನಸು ಕಂಡ. ಮೈಕ್ ಟೈಸನ್ ಆತನ ಆದರ್ಶ. ಆದರೆ ಅಭ್ಯಾಸಕ್ಕೆ ತೊಡಗಿದಾಗ ವಯಸ್ಸು ಆಗಲೇ 22. ನಮ್ಮ ತಾಲೀಮಿನ ವಸ್ತಾದರಾದರೆ, ಇನ್ನು ತಡವಾಯಿತೆಂದು ಹಿಂದಕ್ಕೆ ಕಳಿಸುವ ವಯಸ್ಸು ಅದು.

ಮರಳುಗಾಡು, ಕಡಲು, ಸೆರೆ

2012ರಲ್ಲಿ ಎನ್ಗಾನು ಊರು ಬಿಟ್ಟ. ನೈಜೀರಿಯ, ನೈಜರ್, ಆಲ್ಜೀರಿಯ ದೇಶಗಳನ್ನು ಹಾದು, ಸಹಾರಾ ಮರುಭೂಮಿಯನ್ನು ದಾಟಿ ಮೊರಾಕೊ ಸೇರಿದ. ಪ್ರಾಣಿಗಳು ಸತ್ತು ಬಿದ್ದಿದ್ದ ಬಾವಿಯ ನೀರನ್ನು ಕುಡಿಯಬೇಕಾಯಿತು. ಮೊರಾಕೊದಲ್ಲಿ ಸುಮಾರು ಒಂದು ವರ್ಷ. ರಾತ್ರಿಯ ಹೊತ್ತು ಸಂತೆಯ ಕಸದ ತೊಟ್ಟಿಗಳಲ್ಲಿ ಆಹಾರ ಹುಡುಕಿದ ದಿನಗಳು. ಗಾಳಿ ತುಂಬಿದ ತೆಪ್ಪದಲ್ಲಿ ಕಡಲು ದಾಟಲು ಹೊರಟು ಮತ್ತೆ ಮತ್ತೆ ಸಿಕ್ಕಿಬಿದ್ದ. ಹಿಡಿದವರು ಮರುಭೂಮಿಯ ಅಂಚಿಗೆ ಒಯ್ದು ಬಿಟ್ಟರೆ, ಅಲ್ಲಿಂದ ಮತ್ತೆ ನಡಿಗೆ. ಕಡೆಗೊಮ್ಮೆ 2013ರಲ್ಲಿ ಸ್ಪೇನಿನ ನೆಲ ಸೇರಿದ. ಅಪ್ಪಣೆಯಿಲ್ಲದೆ ಗಡಿ ದಾಟಿದ್ದಕ್ಕಾಗಿ ಅಲ್ಲಿ ಎರಡು ತಿಂಗಳ ಬಂಧನ. ಬಿಡುಗಡೆಯಾದ ಬಳಿಕ ಪ್ಯಾರಿಸ್ಸಿಗೆ ಬಂದು ವಾಹನ ನಿಲ್ಲಿಸುವ ಕಟ್ಟಡವೊಂದರಲ್ಲಿ ಮಲಗಿದ.

ಗಡಿಯೆಂದರೆ ನಮಗೆ ನಕಾಶೆಯ ಮೇಲಿನ ಗೆರೆ. ಎರಡೂ ಕಡೆಗಳಲ್ಲಿ ನೆಂಟರಿದ್ದಾರೆ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮರಳಬಹುದು. ಆತನ ಪಾಲಿಗೆ ಗಡಿ ಎಂಬುದು ಜೀವವನ್ನೇ ಒತ್ತೆಯಿಟ್ಟು ದಾಟಬೇಕಾದ ನೀರಾಗಿತ್ತು. ಆ ನೀರಿನಲ್ಲಿ ಮುಳುಗಿದವರ ಕಥೆಯನ್ನು ಹೇಳುವವರಿಲ್ಲ. ಆದುದರಿಂದ ದಡ ಸೇರಿದ ಒಬ್ಬನನ್ನು ತೋರಿಸಿ, ಎದೆಗಾರಿಕೆಯಿದ್ದರೆ ಎಲ್ಲರೂ ಹೀಗೆ ಆಗಬಹುದೆಂದು ಮಕ್ಕಳಿಗೆ ಹೇಳುವುದು ಸತ್ಯಕ್ಕೆ ಮಾಡುವ ಅಪಚಾರವೇ ಸರಿ.

ಸೋಲು ಕಲಿಸಿದ ಪಟ್ಟು

ಪ್ಯಾರಿಸ್ಸಿನಲ್ಲಿ ಕ್ಯಾಮರೂನ್ ಮೂಲದವನೇ ಆದ ಫರ್ನಾಂಡ್ ಲೋಪೆಜ್ ಎಂಬ ಗುರು ದೊರೆತ. ಆತ ತನ್ನ ತಾಲೀಮಿನಲ್ಲಿ ಮಲಗಲು ಜಾಗವನ್ನೂ ಅಭ್ಯಾಸದ ಉಡುಪನ್ನೂ ಕೊಟ್ಟು, ಮುಷ್ಟಿಯುದ್ಧಕ್ಕಿಂತ ಮಿಶ್ರ ಕಾಳಗದತ್ತ ತಿರುಗುವಂತೆ ಹೇಳಿದ. 2013ರ ಕೊನೆಯಲ್ಲಿ ಮೊದಲ ಪಂದ್ಯದ ಗೆಲುವು; ಎರಡನೆಯದರಲ್ಲಿ ಸೋಲು. 2015ರ ಡಿಸೆಂಬರಿನಲ್ಲಿ ಯು.ಎಫ್.ಸಿ. ಪ್ರವೇಶ. ಎರಡು ವರ್ಷ ಕಳೆಯುವಷ್ಟರಲ್ಲಿ, ಹೆಸರಾಂತ ಮಲ್ಲ ಆಲಿಸ್ಟರ್ ಓವರೀಮನನ್ನು ಒಂದೇ ಎಡಗೈ ಹೊಡೆತದಿಂದ ಉರುಳಿಸಿ ಪಟ್ಟದ ಪಂದ್ಯಕ್ಕೆ ಅರ್ಹನಾದ.

2018ರ ಜನವರಿಯಲ್ಲಿ, ಬಾಸ್ಟನ್ ನಗರದಲ್ಲಿ, ಭಾರಿ ತೂಕದ ಚಾಂಪಿಯನ್ ಸ್ಟಿಪೆ ಮಿಯೋಚಿಚ್ ಎದುರಾದ. ಈತ ಬೆಂಕಿ ಆರಿಸುವ ದಳದ ನೌಕರ, ಕುಸ್ತಿಯಲ್ಲಿ ಪಳಗಿದವನು. ಎನ್ಗಾನುವಿನ ಗುದ್ದುಗಳನ್ನು ತಪ್ಪಿಸಿಕೊಂಡು, ಕಾಲು ಹಿಡಿದು ಕೆಡವಿ, ಮೇಲೆ ಭಾರ ಹಾಕಿ ಉಸಿರು ಹಿಂಡಿದ. ಐದು ಸುತ್ತು ಕಳೆದಾಗ ಮೂವರು ತೀರ್ಪುಗಾರರೂ ಮಿಯೋಚಿಚ್‌ನ ಕಡೆಗೇ ಇದ್ದರು. ಅದರ ಮುಂದಿನ ಪಂದ್ಯದಲ್ಲಿ ಎನ್ಗಾನು ಕೈ ಎತ್ತಲೂ ಹಿಂಜರಿದು ಮತ್ತೆ ಸೋತ. ಹಿಂದಿನ ಸೋಲಿನ ಭಯವನ್ನು ಹೊತ್ತು ಪಂಜರ ಹೊಕ್ಕಿದ್ದೆನೆಂದು ತಾನೇ ಒಪ್ಪಿಕೊಂಡ. ಬರಿಯ ಬಲವಿದ್ದರೆ ಸಾಲದು, ಪಟ್ಟು ಬೇಕು, ದಮ್ಮು ಬೇಕು ಎಂದು ನಮ್ಮ ತಾಲೀಮಿನ ಹಿರಿಯರು ಹೇಳುವ ಮಾತನ್ನು ಆತ ಹೀಗೆ ಪೆಟ್ಟು ತಿಂದು ಕಲಿತ.

ಕಲಿತದ್ದು ಹುಸಿಯಾಗಲಿಲ್ಲ. ನಾಲ್ಕು ಪಂದ್ಯಗಳನ್ನು ಸಾಲಾಗಿ ಮೊದಲ ಸುತ್ತಿನಲ್ಲೇ ಗೆದ್ದು, 2021ರ ಮಾರ್ಚ್ 27ರಂದು ಮತ್ತೆ ಮಿಯೋಚಿಚ್‌ನ ಮುಂದೆ ನಿಂತ. ಈ ಸಲ ಕಾಲಿಗೆ ಬಂದ ಪಟ್ಟನ್ನು ಬಿಡಿಸಿಕೊಂಡ. ಎರಡನೆಯ ಸುತ್ತಿನಲ್ಲಿ ಒಂದು ಎಡಗೈ ಹೊಡೆತ, ಪಟ್ಟ ಕೈಸೇರಿತು. ತಾಯ್ನಾಡಿಗೆ ಮರಳಿದಾಗ ಜನಸಾಗರವೇ ಎದುರುಗೊಂಡಿತು. ಆತ ಬಾತಿಯೆಯ ಮರಳ ಗಣಿಗೂ ಹೋದ.

2022ರ ಜನವರಿಯ ಪಂದ್ಯ ನನಗೆ ಇನ್ನೂ ಹಿರಿದಾಗಿ ಕಾಣುತ್ತದೆ. ಎದುರಾಳಿ ಸಿರಿಲ್ ಗಾನ್, ಲೋಪೆಜ್‌ನ ತಾಲೀಮಿನವನೇ, ಹಿಂದೆ ಜೊತೆಯಲ್ಲಿ ಅಭ್ಯಾಸ ಮಾಡಿದವನು. ಎನ್ಗಾನುವಿನ ಮೊಣಕಾಲಿನ ಕಟ್ಟು ಹರಿದಿತ್ತು. ಮೊದಲೆರಡು ಸುತ್ತು ಕೈತಪ್ಪಿದ ಮೇಲೆ, ಗುದ್ದಿಗೆ ಹೆಸರಾದ ಈತ ಕುಸ್ತಿಗೆ ಇಳಿದ. ನಾಲ್ಕು ಬಾರಿ ಗಾನ್‌ನನ್ನು ಕೆಡವಿ ಹಿಡಿದಿಟ್ಟು ಪಂದ್ಯ ಗೆದ್ದ. ನಾಲ್ಕು ವರ್ಷಗಳ ಹಿಂದೆ ತನ್ನನ್ನು ಸೋಲಿಸಿದ ವಿದ್ಯೆಯೇ ಈಗ ತನ್ನ ಕೈಯಲ್ಲಿತ್ತು.

ಕಾಗದದ ಮೇಲಿನ ಕಾಳಗ

ಆ ಪಂದ್ಯಕ್ಕೆ ಚಾಂಪಿಯನ್ನನಿಗೆ ದೊರೆತುದಾಗಿ ಪ್ರಕಟವಾದ ಸಂಭಾವನೆ 6 ಲಕ್ಷ ಡಾಲರ್. ನಮಗೆ ಅದು ಕಣ್ಣು ಕುಕ್ಕುವ ಮೊತ್ತವೇ. ಆದರೆ ಸಂಸ್ಥೆಯ ಒಂದು ವರ್ಷದ ವರಮಾನ 100 ಕೋಟಿ ಡಾಲರನ್ನು ಮೀರಿತ್ತು. ಇದೇ ಸಂಸ್ಥೆಯ ಮೇಲೆ ಹಿಂದಿನ ಮಲ್ಲರು 2014ರಲ್ಲಿ ಹೂಡಿದ ದಾವೆಯಲ್ಲಿ, ವರಮಾನದ ಐದರಲ್ಲೊಂದು ಪಾಲೂ ಹೊಡೆದಾಡುವವರಿಗೆ ಸಲ್ಲುತ್ತಿಲ್ಲವೆಂಬ ಲೆಕ್ಕ ಹೊರಬಂದಿತು. ಆ ದಾವೆ 37 ಕೋಟಿ 50 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿದು, 2025ರಲ್ಲಿ ನ್ಯಾಯಾಲಯದ ಅಂತಿಮ ಒಪ್ಪಿಗೆ ಪಡೆಯಿತು.

ಇಲ್ಲಿನ ಕರಾರಿನ ರೀತಿಯನ್ನು ನಮ್ಮವರು ಗಮನಿಸಬೇಕು. ಮಲ್ಲ ಸಂಸ್ಥೆಯ ನೌಕರನಲ್ಲ. ಆದುದರಿಂದ ನೌಕರನಿಗಿರುವ ಸವಲತ್ತುಗಳಿಲ್ಲ. ಆದರೂ ಕರಾರು ಮುಗಿಯುವವರೆಗೆ ಬೇರೆ ಕಡೆ ಹೊಡೆದಾಡುವಂತಿಲ್ಲ. ಪಟ್ಟ ಗೆದ್ದರೆ ಕರಾರು ತಾನಾಗಿಯೇ ಮುಂದುವರಿಯುತ್ತದೆ. ಗೆದ್ದಷ್ಟೂ ಕಟ್ಟು ಬಿಗಿಯುತ್ತದೆ. ಉಚಲು ತೀರುವವರೆಗೆ ಟೋಳಿ ಬಿಡುವಂತಿಲ್ಲದ ನಮ್ಮ ಕಬ್ಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎನ್ಗಾನುವಿನ ಕರಾರಿಗೆ ಐದು ವರ್ಷಗಳ ಕಡೆಯ ಗಡುವೊಂದಿತ್ತು. 2022ರ ಕೊನೆಗೆ ಅದು ಮುಗಿಯುವವರೆಗೆ ಆತ ಕಾದ. ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ವಯಸ್ಸು 36. ಸಂಸ್ಥೆ ಮೊದಲಿಗಿಂತ ಬಹು ದೊಡ್ಡ ಮೊತ್ತವನ್ನು ಮುಂದಿಟ್ಟಿತು. ಆತ ಕೇಳಿದ್ದು ಬರಿಯ ಹಣವನ್ನಲ್ಲ. ಮುಷ್ಟಿಯುದ್ಧದಲ್ಲಿಯೂ ಸ್ಪರ್ಧಿಸುವ ಸ್ವಾತಂತ್ರ್ಯ, ಮಲ್ಲರೆಲ್ಲರಿಗೂ ಆರೋಗ್ಯ ವಿಮೆ, ಸಂಸ್ಥೆಯ ಸಭೆಗಳಲ್ಲಿ ಮಲ್ಲರ ಪರವಾಗಿ ಮಾತನಾಡಲು ಒಬ್ಬ ಪ್ರತಿನಿಧಿ, ಇವು ಆತನ ಬೇಡಿಕೆಗಳು. ಸಂಸ್ಥೆ ಒಪ್ಪಲಿಲ್ಲ. 2023ರ ಜನವರಿಯಲ್ಲಿ ಆತ ಪಟ್ಟವನ್ನು ಬಿಟ್ಟು ಹೊರನಡೆದ. ಕೆಟ್ಟನೆಂದು ಹಲವರು ನಕ್ಕರು.

ಅದೇ ವರ್ಷದ ಮೇ ತಿಂಗಳಿನಲ್ಲಿ ಪಿ.ಎಫ್.ಎಲ್. ಎಂಬ ಇನ್ನೊಂದು ಸಂಸ್ಥೆಯೊಡನೆ ಒಪ್ಪಂದವಾಯಿತು. ತನ್ನೆದುರು ನಿಲ್ಲುವ ಮಲ್ಲನಿಗೂ ಕನಿಷ್ಠ 20 ಲಕ್ಷ ಡಾಲರ್ ಸಲ್ಲಬೇಕೆಂಬ ಮಾತು ಅದರಲ್ಲಿ ಸೇರಿತ್ತು! ಎದುರಾಳಿಯ ಕೂಲಿಗಾಗಿ ವಾದಿಸಿದ ಮಲ್ಲನನ್ನು ನಾನು ಬೇರೆಲ್ಲಿಯೂ ಕೇಳಿದವನಲ್ಲ. 2023ರ ಅಕ್ಟೋಬರ್ 28ರಂದು ರಿಯಾದ್ ನಗರದಲ್ಲಿ, ತನ್ನ ಮೊಟ್ಟಮೊದಲ ವೃತ್ತಿಪರ ಮುಷ್ಟಿಯುದ್ಧದಲ್ಲಿ, ಚಾಂಪಿಯನ್ ಟೈಸನ್ ಫ್ಯೂರಿಯನ್ನು ಮೂರನೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿದ. ತೀರ್ಪು ಇಬ್ಬರಿಗೊಬ್ಬರಂತೆ ಫ್ಯೂರಿಯ ಪರವಾಯಿತು. ಮರಳ ಗಣಿಯಲ್ಲಿ ಕಂಡ ಕನಸು ಅಷ್ಟರಮಟ್ಟಿಗೆ ನಿಜವಾಯಿತು.

ಗೆಲುವಿನ ಬೆಲೆ

ಇಲ್ಲಿಗೆ ನಿಲ್ಲಿಸಿದರೆ ಕಥೆ ಸಿಹಿಯಾಗಿರುತ್ತದೆ. ಆದರೆ ಬಾಳು ನಿಲ್ಲಲಿಲ್ಲ. 2024ರ ಮಾರ್ಚಿನಲ್ಲಿ ಆಂಥನಿ ಜೋಶುವಾ ಎರಡೇ ಸುತ್ತಿನಲ್ಲಿ ಆತನನ್ನು ಮೂರು ಬಾರಿ ಕೆಡವಿದ; ಮೂರನೆಯ ಸಲ ಎನ್ಗಾನು ಪ್ರಜ್ಞೆತಪ್ಪಿ ಬಿದ್ದ. ಮುಂದಿನ ತಿಂಗಳು ಆತನ ಹದಿನೈದು ತಿಂಗಳ ಗಂಡುಮಗು ತೀರಿಕೊಂಡಿತು. ಮರುಭೂಮಿಯನ್ನೂ ಕಡಲನ್ನೂ ದಾಟಿದ ಎದೆ ಅಲ್ಲಿ ಕುಸಿಯಿತು. ಮತ್ತೆ ಹೊಡೆದಾಡುವೆನೋ ಇಲ್ಲವೋ ಎಂಬ ಸಂದೇಹ ಆತನಿಗೇ ಉಂಟಾಯಿತು. ಅಕ್ಟೋಬರ್ 19ರಂದು ರಿಯಾದಿನಲ್ಲಿ ರೆನಾನ್ ಫೆರೆರನನ್ನು ಮೊದಲ ಸುತ್ತಿನಲ್ಲಿ ಸೋಲಿಸಿ, ಕಣ್ಣೀರಿಡುತ್ತ ಆ ಗೆಲುವನ್ನು ಮಗುವಿಗೆ ಅರ್ಪಿಸಿದ. ಗೆದ್ದ ಮಲ್ಲನ ಮುಖದಲ್ಲಿ ಅಂದು ಕಂಡದ್ದು ಬರಿಯ ತಂದೆಯ ದುಃಖ.

ದೇಹದ ಬೆಲೆಯನ್ನೂ ಮರೆಯಬಾರದು. ತಲೆಗೆ ಪದೇಪದೇ ಬೀಳುವ ಪೆಟ್ಟು ವರ್ಷಗಳು ಕಳೆದ ಮೇಲೆ ನೆನಪನ್ನೂ ಸ್ವಭಾವವನ್ನೂ ಕೆಡಿಸಬಲ್ಲದೆಂದು ವೈದ್ಯರು ಎಚ್ಚರಿಸುತ್ತಾರೆ. ಶಿಖರವೇರಿದವನ ಸ್ಥಿತಿಯೇ ಇದಾದರೆ, ಹೆಸರಿಲ್ಲದೆ ಸಣ್ಣ ಪಂದ್ಯಗಳಲ್ಲಿ ಪೆಟ್ಟು ತಿಂದು ಮರೆಯಾದವರ ಪಾಡನ್ನು ಊಹಿಸಬಹುದು.

ಎರಡು ಶನಿವಾರ ಈ ಕಥೆಯನ್ನು ಆ ಹುಡುಗನಿಗೂ ಅವನ ಗೆಳೆಯರಿಗೂ ಹೇಳಿದೆ. ಕುಸ್ತಿಯ ಆಸೆಯಿದ್ದರೆ ಸಂಜೆ ತಾಲೀಮಿಗೆ ಹೋಗೆಂದು ನಾನೇ ವಸ್ತಾದರ ಬಳಿಗೆ ಕರೆದೊಯ್ದೆ. ಶಾಲೆಯನ್ನು ಬಿಡಬೇಡವೆಂದೂ ಹೇಳಿದೆ. ಏಕೆಂದರೆ ತೋಳಿನ ಬಲವನ್ನು ಮಾರುವ ಹೊತ್ತು ಬಂದಾಗ, ಮುಂದಿಟ್ಟ ಕಾಗದದಲ್ಲಿ ಏನು ಬರೆದಿದೆ, ಅದು ಎಂದು ಮುಗಿಯುತ್ತದೆ, ಯಾವುದಕ್ಕೆ ಒಲ್ಲೆನೆನ್ನಬೇಕು ಎಂಬುದು ತಿಳಿದಿರಬೇಕು. ಎನ್ಗಾನು ಗೆದ್ದ ಕಾಳಗಗಳಲ್ಲಿ ಹಿರಿದಾದುದು ಅದೇ. ಅದು ನಡೆದದ್ದು ಪಂಜರದ ಹೊರಗೆ.

ಹುಡುಗ ಈಗ ಶಾಲೆಗೂ ಬರುತ್ತಾನೆ, ತಾಲೀಮಿಗೂ ಹೋಗುತ್ತಾನೆ. ಅವನ ತಂದೆ ಹಂಗಾಮಿನಿಂದ ಮರಳಿದಾಗ ಉಚಲಿನ ಲೆಕ್ಕದ ಚೀಟಿಯನ್ನು ಮಗನ ಕೈಗೆ ಕೊಟ್ಟು ಓದಿಸಿದನಂತೆ. ಓದುಗ ಬಂಧುಗಳೇ, ನಿಮ್ಮ ಮನೆಗಳಲ್ಲಿಯೂ ಅಂಥ ಕಾಗದಗಳಿರಬಹುದು. ಒಮ್ಮೆ ಮಕ್ಕಳಿಂದ ಓದಿಸಿ ನೋಡಿರಿ.